ಸರ್ವ್ ಕೈಕೊಡುತ್ತಿದೆಯಾ? ಮೊದಲ ಬೌನ್ಸ್ ಎಲ್ಲಿ ಬೀಳುತ್ತಿದೆ ನೋಡಿ

ಟೇಬಲ್ ಟೆನಿಸ್‌ನಲ್ಲಿ ಎದುರಾಳಿಯ ಹಂಗಿಲ್ಲದೆ ಆಡುವ ಹೊಡೆತ ಒಂದೇ, ಅದು ಸರ್ವ್. ಚೆಂಡು ನಿಮ್ಮ ಕೈಯಲ್ಲೇ ಇರುತ್ತದೆ. ಯಾವಾಗ ಎಸೆಯಬೇಕು, ಎಲ್ಲಿಗೆ ಕಳಿಸಬೇಕು, ಎಷ್ಟು ತಿರುಗಿಸಬೇಕು ಎಲ್ಲ ನಿಮ್ಮಿಷ್ಟ. ಹಾಗಾಗಿ ಸರ್ವ್ ಕೆಟ್ಟರೆ ಕಾರಣವೂ ನಿಮ್ಮ ಕಡೆಯೇ ಇರುತ್ತದೆ, ಹುಡುಕಿದರೆ ಸಿಕ್ಕೇ ಸಿಗುತ್ತದೆ.

ಆದರೆ ಹೆಚ್ಚಿನವರು ಹುಡುಕುವುದು ಬೇರೆ ಜಾಗದಲ್ಲಿ. ಚೆಂಡು ನೆಟ್‌ಗೆ ಹೊಡೆದರೆ ನೆಟ್ ಕಡೆ ನೋಡುತ್ತಾರೆ, ಹೊರಗೆ ಹೋದರೆ ಆಚೆಯ ಅಂಚು ನೋಡುತ್ತಾರೆ. ಅಷ್ಟೊತ್ತಿಗೆ ತಪ್ಪು ಆಗಿಹೋಗಿರುತ್ತದೆ. ನೋಡಬೇಕಾದ್ದು ನಿಮ್ಮ ಕಡೆಯ ಮೊದಲ ಬೌನ್ಸ್, ಅಂದರೆ ನೆಟ್ ದಾಟುವ ಮೊದಲು ಚೆಂಡು ನಿಮ್ಮ ಅರ್ಧದಲ್ಲಿ ಪುಟಿಯುವುದು. ಅದು ಎಲ್ಲಿ ಬಿತ್ತು, ಎಷ್ಟು ಜೋರಾಗಿ ಬಿತ್ತು, ಎಷ್ಟು ಮೇಲೆ ಎದ್ದಿತು ಎನ್ನುವುದು ಗೊತ್ತಾದರೆ ಅರ್ಧ ದೋಷ ಅಲ್ಲೇ ಸಿಕ್ಕಿಬೀಳುತ್ತದೆ. ಉಳಿದದ್ದು ಟಾಸ್‌ನಲ್ಲೋ (ಚೆಂಡನ್ನು ಮೇಲೆ ಎಸೆಯುವುದು) ಬ್ಯಾಟ್ ಹಿಡಿತದಲ್ಲೋ ಇರುತ್ತದೆ.

ಮೊದಲು ಒಂದು ಪರೀಕ್ಷೆ

ಒಂದೇ ಸರ್ವ್ ಆರಿಸಿಕೊಳ್ಳಿ. ಅದನ್ನೇ ಹತ್ತು ಸಲ, ಏನೂ ಸರಿಮಾಡಲು ಹೋಗದೆ, ನೀವು ಯಾವಾಗಲೂ ಮಾಡುವ ಹಾಗೆಯೇ ಮಾಡಿ. ಫೋನನ್ನು ಟೇಬಲ್ ಎತ್ತರಕ್ಕೆ, ಪಕ್ಕದಿಂದ ಕಾಣುವ ಹಾಗೆ ಇಟ್ಟು ಸ್ಲೋ ಮೋಷನ್‌ನಲ್ಲಿ ಚಿತ್ರೀಕರಿಸಿ. ಫೋನ್ ಬೇಡ ಅಂದರೆ ಸ್ನೇಹಿತರೊಬ್ಬರನ್ನು ಪಕ್ಕಕ್ಕೆ ನಿಲ್ಲಿಸಿ, ಮೊದಲ ಬೌನ್ಸ್ ಬಿದ್ದ ಜಾಗ ಮಾತ್ರ ನೋಡಲು ಹೇಳಿ.

ಈಗ ಒಂದೇ ಪ್ರಶ್ನೆ. ಹತ್ತೂ ಬೌನ್ಸ್ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಬಿದ್ದವಾ, ಇಲ್ಲಾ ಚೆಲ್ಲಾಪಿಲ್ಲಿಯಾದವಾ?

ಒಂದೇ ಕಡೆ ಬಿದ್ದು, ಆದರೂ ಸರ್ವ್ ಕೆಡುತ್ತಿದ್ದರೆ ನಿಮ್ಮ ಕೈ ಸರಿಯಾಗಿಯೇ ಇದೆ. ಗುರಿ ಅಥವಾ ಬ್ಯಾಟ್‌ನ ಕೋನ ತಪ್ಪಿದೆ ಅಷ್ಟೇ. ಇದು ಬೇಗ ಸರಿಹೋಗುವ ದೋಷ. ಚೆಲ್ಲಾಪಿಲ್ಲಿಯಾಗಿದ್ದರೆ ಮಾತ್ರ ಬ್ಯಾಟ್‌ನ ಕೋನ ಬದಲಿಸಿ ಏನೂ ಉಪಯೋಗವಿಲ್ಲ. ಇವತ್ತು ಸರಿ ಅನಿಸಿದ್ದು ನಾಳೆ ಮತ್ತೆ ಕೆಡುತ್ತದೆ. ಆಗ ಟಾಸ್‌ನಿಂದಲೇ ಶುರು ಮಾಡಬೇಕು.

ಟಾಸ್ ಓಡಾಡುತ್ತಿದೆ

ಬ್ಯಾಟ್ ಕೆಳಗಿಡಿ. ಅಂಗೈ ಬಿಚ್ಚಿ ಚೆಂಡನ್ನು ಇಟ್ಟುಕೊಂಡು ನೇರ ಮೇಲಕ್ಕೆ ಎಸೆಯಿರಿ. ಕೈ ಅಲ್ಲಾಡಿಸದೆ ಬಿಡಿ. ಚೆಂಡು ಅದೇ ಅಂಗೈಗೆ ವಾಪಸ್ ಬೀಳಬೇಕು. ಬೆರಳ ತುದಿಗೆ ಬಡಿದು ಹಾರಿದರೆ, ಅಥವಾ ಪ್ರತಿ ಸಲ ಬೇರೆ ಬೇರೆ ಕಡೆ ಬಿದ್ದರೆ ದೋಷ ಸಿಕ್ಕಿತು ಅಂತಲೇ ಲೆಕ್ಕ.

ಸಾಮಾನ್ಯವಾಗಿ ಕಾಣುವ ಕಾರಣ ಬೆರಳುಗಳು. ಎಸೆಯುವ ಕ್ಷಣದಲ್ಲಿ ಬೆರಳು ಮಡಚುತ್ತವೆ, ಚೆಂಡನ್ನು ಸ್ವಲ್ಪ ಉರುಳಿಸುತ್ತವೆ. ಆಗ ಟಾಸ್ ವಾಲುತ್ತದೆ, ಜೊತೆಗೆ ಚೆಂಡಿಗೆ ಬೇಡದ ಸ್ಪಿನ್ (ತಿರುಗುವಿಕೆ) ಸೇರುತ್ತದೆ. ನಿಯಮದಲ್ಲೂ ಅದಕ್ಕೆ ಅವಕಾಶವಿಲ್ಲ. ಕೈಬೆರಳಿನಿಂದ ಎಸೆಯಬೇಡಿ. ಮೊಣಕೈಯಿಂದ ಮುಂದಿನ ಇಡೀ ಕೈ ಒಟ್ಟಿಗೆ ಮೇಲೇಳಲಿ, ಮಂಡಿಯೂ ತುಸು ಸಹಾಯ ಮಾಡಲಿ. ಕೈ ನಿಂತಾಗ ಚೆಂಡು ತಾನಾಗಿಯೇ ಮೇಲೆ ಹೋಗುತ್ತದೆ.

ಟಾಸ್ ನೇರವಾಗಿದ್ದರೂ ಮೈಗೆ ತೀರಾ ಹತ್ತಿರ ಇರಬಹುದು. ಆಗ ಮೊಣಕೈ ಪಕ್ಕೆಗೆ ಅಂಟಿಕೊಂಡು ಮಣಿಕಟ್ಟು ಆಡುವುದೇ ಇಲ್ಲ. ತೀರಾ ದೂರ ಇದ್ದರೆ ಕೈ ಚಾಚಿ ಹಿಡಿಯಬೇಕಾಗುತ್ತದೆ, ಬ್ಯಾಟ್‌ನ ಕೋನ ಪ್ರತಿ ಸಲ ಬದಲಾಗುತ್ತದೆ. ಮೊಣಕೈ ಆರಾಮಾಗಿ ಮಡಚಿದಾಗ ಬ್ಯಾಟ್ ಎಲ್ಲಿ ಬರುತ್ತದೋ ಅಲ್ಲಿಗೆ ಚೆಂಡು ಇಳಿಯಬೇಕು.

ತುಂಬಾ ಎತ್ತರದ ಟಾಸ್ ನೋಡಲು ಚಂದ, ಪರಿಣಾಮವೂ ಇದೆ, ಯಾಕೆಂದರೆ ಜೋರಾಗಿ ಇಳಿಯುವ ಚೆಂಡಿಗೆ ಸ್ಪಿನ್ ಕೊಡುವುದು ಸುಲಭ. ಆದರೆ ಟಾಸ್ ವಾಲುವ ದೋಷ ಇರುವವರು ಅದನ್ನು ಮುಟ್ಟಲೇಬಾರದು ಅಂತ ನನ್ನ ಅಭಿಪ್ರಾಯ. ಎತ್ತರ ಹೆಚ್ಚಾದಷ್ಟೂ ವಾಲುವುದೂ ಹೆಚ್ಚಾಗುತ್ತದೆ. ಸದ್ಯಕ್ಕೆ ಮುಖದ ಮಟ್ಟಕ್ಕೆ ಹೋಗಿ ಬರುವ ಟಾಸ್ ಸಾಕು.

ಸರ್ವ್ ಎತ್ತರಕ್ಕೆ ಎದ್ದು ಎದುರಾಳಿ ಸ್ಮ್ಯಾಶ್ ಮಾಡುತ್ತಿದ್ದಾರೆ

ಇದೇ ಅತಿ ದುಬಾರಿ ದೋಷ. ಎಷ್ಟೇ ಸ್ಪಿನ್ ಇದ್ದರೂ ನೆಟ್‌ಗಿಂತ ಮೇಲೆ ತೇಲಿ ಬರುವ ಚೆಂಡನ್ನು ಯಾರೂ ಸುಮ್ನೆ ಬಿಡುವುದಿಲ್ಲ.

ಅಳೆಯಲು ಒಂದು ದಾರ ಸಾಕು. ನೆಟ್‌ನ ಎತ್ತರ 15.25 ಸೆಂ.ಮೀ. ಚೆಂಡಿನ ಅಗಲ 40 ಮಿ.ಮೀ. ನೆಟ್‌ನ ಎರಡೂ ಕಂಬಗಳಿಗೆ ಒಂದೊಂದು ಕಡ್ಡಿ ಕಟ್ಟಿ, ನೆಟ್‌ನಿಂದ ಎರಡು ಚೆಂಡಿನಷ್ಟು ಮೇಲೆ, ಅಂದರೆ 8 ಸೆಂ.ಮೀ. ಎತ್ತರದಲ್ಲಿ, ದಾರ ಎಳೆಯಿರಿ. ಸರ್ವ್ ನೆಟ್‌ಗೂ ದಾರಕ್ಕೂ ನಡುವೆ ದಾಟಬೇಕು. ಮೊದಲ ಸಲ ಮಾಡಿದಾಗ ಎಷ್ಟೊಂದು ಸರ್ವ್ ದಾರದ ಮೇಲಿಂದ ಹೋಗುತ್ತವೆ ಎಂದು ನೋಡಿ ಒಳ್ಳೆಯ ಆಟಗಾರರಿಗೂ ಆಶ್ಚರ್ಯವಾಗುತ್ತದೆ.

ಕಾರಣಗಳಲ್ಲಿ ಮೊದಲನೆಯದು ಚೆಂಡನ್ನು ಎಲ್ಲಿ ಮುಟ್ಟುತ್ತೀರಿ ಎನ್ನುವುದು. ವಿಡಿಯೋವನ್ನು ಬ್ಯಾಟ್ ಚೆಂಡಿಗೆ ತಾಗುವ ಫ್ರೇಮ್‌ನಲ್ಲಿ ನಿಲ್ಲಿಸಿ. ಚೆಂಡು ಎದೆಯ ಮಟ್ಟದಲ್ಲಿದ್ದರೆ ಬೇರೇನೂ ಹುಡುಕಬೇಕಿಲ್ಲ. ಅಷ್ಟು ಮೇಲಿಂದ ಇಳಿದ ಚೆಂಡು ಟೇಬಲ್‌ಗೆ ಬಡಿದು ಅಷ್ಟೇ ಕಡಿದಾಗಿ ಮೇಲೇಳುತ್ತದೆ. ಕಾಯಬೇಕು. ಚೆಂಡು ಹೆಚ್ಚುಕಡಿಮೆ ನೆಟ್‌ನ ಮಟ್ಟಕ್ಕೆ ಇಳಿಯುವವರೆಗೂ ಕಾಯಬೇಕು. ಮಂಡಿ ಮಡಚಿ ಮೈಯನ್ನು ತಗ್ಗಿಸಿದರೆ ಇದು ಸುಲಭ. ನೆಟ್ಟಗೆ ನಿಂತು ಕೈಯನ್ನು ಮಾತ್ರ ಕೆಳಗೆ ಬಿಟ್ಟರೆ ಬ್ಯಾಟ್‌ನ ಕೋನ ಕೈತಪ್ಪುತ್ತದೆ. ಟೇಬಲ್‌ನ ಮೇಲ್ಮೈಗಿಂತ ಕೆಳಗೆ ಮಾತ್ರ ಇಳಿಯಬಾರದು, ಅದು ಫೌಲ್.

ಎರಡನೆಯದು ಕುಟ್ಟುವ ಅಭ್ಯಾಸ. ಬ್ಯಾಕ್‌ಸ್ಪಿನ್ (ಚೆಂಡು ಹಿಮ್ಮುಖವಾಗಿ ತಿರುಗುವುದು) ಕೊಡುವುದೆಂದರೆ ಮೇಲಿಂದ ಕೆಳಗೆ ಕಡಿಯುವುದು ಎಂದು ತುಂಬಾ ಜನ ತಿಳಿದಿದ್ದಾರೆ. ಬ್ಯಾಟ್ ಕೆಳಮುಖವಾಗಿ ಬಂದು ಚೆಂಡನ್ನು ಟೇಬಲ್‌ಗೆ ಒತ್ತುತ್ತದೆ. ಇಲ್ಲಿ ಕಿವಿ ಸಹಾಯಕ್ಕೆ ಬರುತ್ತದೆ. ಮೊದಲ ಬೌನ್ಸ್ ‘ಟಪ್’ ಎಂದು ಗಟ್ಟಿಯಾಗಿ ಕೇಳಿದರೆ ನೀವು ಕುಟ್ಟುತ್ತಿದ್ದೀರಿ. ಬ್ಯಾಟ್‌ನ ಮುಖವನ್ನು ಮೇಲಕ್ಕೆ ತೆರೆದು, ಚೆಂಡಿನ ಅಡಿಯಲ್ಲಿ ಮುಂದಕ್ಕೆ ಜಾರಿಸಿ. ಚಲನೆ ಮುಂದಕ್ಕೆ ಇರಬೇಕು, ಕೆಳಕ್ಕಲ್ಲ. ಸರಿಯಾಗಿ ಬಂದಾಗ ಬೌನ್ಸ್‌ನ ಸದ್ದು ತಾನೇ ತಗ್ಗುತ್ತದೆ.

ಶಾರ್ಟ್ ಸರ್ವ್ ಶಾರ್ಟ್ ಆಗುತ್ತಿಲ್ಲ

ಮುಟ್ಟದೆ ಬಿಟ್ಟರೆ ಎದುರಾಳಿಯ ಕಡೆ ಎರಡು ಸಲ ಪುಟಿಯುವ ಸರ್ವ್ ಶಾರ್ಟ್ ಸರ್ವ್. ನಿಮ್ಮದು ಎರಡನೇ ಸಲ ಪುಟಿಯುವ ಮೊದಲೇ ಆಚೆ ಅಂಚಿನಿಂದ ಇಳಿದುಹೋಗುತ್ತಿದೆ, ಎದುರಾಳಿ ಖುಷಿಯಾಗಿ ಲೂಪ್ (ಚೆಂಡನ್ನು ಮುಂದಕ್ಕೆ ತಿರುಗಿಸುವ ಆಕ್ರಮಣದ ಹೊಡೆತ) ಮಾಡುತ್ತಿದ್ದಾರೆ. ಎಲ್ಲಿ ತಪ್ಪಿದೆ?

ಮೊದಲ ಬೌನ್ಸ್ ನಿಮ್ಮ ಅಂಚಿನ ಹತ್ತಿರ ಬೀಳುತ್ತಿದ್ದರೆ ಉತ್ತರ ಸಿಕ್ಕಿತು. ಅಲ್ಲಿ ಬಿದ್ದ ಚೆಂಡು ನೆಟ್ ದಾಟಬೇಕಾದರೆ ಅದಕ್ಕೆ ವೇಗ ಬೇಕು, ಆ ವೇಗ ಆಚೆ ಹೋದ ಮೇಲೆ ನಿಲ್ಲುವುದಿಲ್ಲ. ನಿಮ್ಮ ಅರ್ಧ ಟೇಬಲ್‌ನ ಉದ್ದ 1.37 ಮೀಟರ್. ಅದರ ನಡುವಿನಿಂದ ನೆಟ್ ಕಡೆಗಿರುವ ಭಾಗದಲ್ಲಿ ಬೌನ್ಸ್ ಬೀಳಲಿ. ಒಂದು ತೆಳು ಕಾಗದವನ್ನು ಅಲ್ಲಿಟ್ಟರೆ, ಚೆಂಡು ಅದರ ಮೇಲೆ ಬಿದ್ದಾಗ ಸದ್ದೇ ಬೇರೆ ಬರುತ್ತದೆ, ಕಣ್ಣು ಹಾಯಿಸುವ ಅಗತ್ಯವೂ ಇಲ್ಲ. ಹಾಗಂತ ನೆಟ್‌ನ ಬುಡಕ್ಕೇ ಹಾಕಬೇಡಿ. ಅಷ್ಟು ಹತ್ತಿರದಿಂದ ನೆಟ್ ದಾಟಲು ಚೆಂಡು ಕಡಿದಾಗಿ ಏಳಬೇಕು, ಮತ್ತೆ ಎತ್ತರದ ದೋಷಕ್ಕೇ ಬರುತ್ತೀರಿ.

ಜಾಗ ಸರಿಯಿದ್ದೂ ಚೆಂಡು ಉದ್ದ ಹೋಗುತ್ತಿದ್ದರೆ ನೀವು ಸವರುತ್ತಿಲ್ಲ, ತಳ್ಳುತ್ತಿದ್ದೀರಿ. ಇದು ಸ್ಪಿನ್‌ನ ದೋಷ. ಈ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು.

ಸ್ಪಿನ್ ಬರುತ್ತಿಲ್ಲ

ಕೈ ಎಷ್ಟು ಬೀಸಿದರೂ ಚೆಂಡು ಸತ್ತ ಹಾಗೆ ಹೋಗುತ್ತದೆ ಎನ್ನುವ ದೂರು ಎಲ್ಲ ಕಡೆ ಕೇಳುತ್ತದೆ. ಮೊದಲು ಸ್ಪಿನ್ ನಿಜಕ್ಕೂ ಇಲ್ಲವಾ ಎಂದು ಖಚಿತ ಮಾಡಿಕೊಳ್ಳಿ. ಒಂದು ಚೆಂಡಿನ ಅರ್ಧಕ್ಕೆ ಮಾರ್ಕರ್‌ನಿಂದ ಬಣ್ಣ ಬಳಿಯಿರಿ. ಸರ್ವ್ ಮಾಡಿದಾಗ ಬಣ್ಣದ ಅರ್ಧವೂ ಬಿಳಿ ಅರ್ಧವೂ ಬೆರೆತು ಒಂದೇ ಮಸುಕು ಬಣ್ಣವಾಗಿ ಕಂಡರೆ ಚೆಂಡು ಚೆನ್ನಾಗಿ ತಿರುಗುತ್ತಿದೆ. ಬಣ್ಣ ಸರಿದಾಡುವುದು ಕಣ್ಣಿಗೇ ಕಾಣುತ್ತಿದ್ದರೆ ಸ್ಪಿನ್ ಕಡಿಮೆ.

ಕಡಿಮೆ ಎಂದು ಗೊತ್ತಾಯಿತು. ಕೈಯನ್ನು ದೂರುವ ಮೊದಲು ರಬ್ಬರ್ ನೋಡಿ. ಬ್ಯಾಟನ್ನು ಬೆಳಕಿಗೆ ಹಿಡಿದು ಓರೆ ಮಾಡಿ. ನಡುವೆ ನುಣುಪಾಗಿ ಹೊಳೆಯುವ ಪಟ್ಟಿ ಕಂಡರೆ ರಬ್ಬರ್ ಸವೆದಿದೆ. ಒಂದು ಚೆಂಡನ್ನು ರಬ್ಬರ್ ಮೇಲೆ ಮೆಲ್ಲಗೆ ಒತ್ತಿ ಎಳೆಯಿರಿ. ಹಿಡಿದು ನಿಲ್ಲಿಸಿದರೆ ಸರಿ, ಗಾಜಿನ ಮೇಲಿನಂತೆ ಜಾರಿದರೆ ಸಮಸ್ಯೆ ಅಲ್ಲೇ ಇದೆ. ಬರೀ ಧೂಳಾಗಿದ್ದರೆ ಒದ್ದೆ ಸ್ಪಂಜಿನಿಂದ ಒರೆಸಿ ಒಣಗಿಸಿದರೆ ಸಾಕು. ರೆಡಿಮೇಡ್ ಅಗ್ಗದ ಬ್ಯಾಟ್‌ಗಳಲ್ಲಿ ಎಷ್ಟೋ ಸಲ ಹಿಡಿತವೇ ಇರುವುದಿಲ್ಲ. ಅದರಲ್ಲಿ ತಿಂಗಳುಗಟ್ಟಲೆ ಸ್ಪಿನ್ ಅಭ್ಯಾಸ ಮಾಡುವುದು ಶ್ರಮ ವ್ಯರ್ಥ.

ರಬ್ಬರ್ ಚೆನ್ನಾಗಿದೆ ಅಂದುಕೊಳ್ಳೋಣ. ಈಗ ಬೆರಳು ನೋಡಿ. ರ‍್ಯಾಲಿ ಆಡುವಾಗ ಹಿಡಿಯುವ ಹಾಗೆ ಐದೂ ಬೆರಳಿನಿಂದ ಹಿಡಿ ಹಿಡಿದುಕೊಂಡು ಸರ್ವ್ ಮಾಡುತ್ತಿದ್ದೀರಾ? ಹಾಗಾದರೆ ಮಣಿಕಟ್ಟು ಬಿಗಿದುಹೋಗಿದೆ. ಗಡಿಯಾರದ ಲೋಲಕದಂತೆ ಬ್ಯಾಟ್ ತೂಗಿ ಮಾಡುವ ಫೋರ್‌ಹ್ಯಾಂಡ್ ಪೆಂಡುಲಮ್ ಸರ್ವ್‌ಗೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಬ್ಯಾಟ್ ಹಿಡಿದು, ಉಳಿದ ಮೂರು ಬೆರಳನ್ನು ಹಿಡಿಯಿಂದ ಸಡಿಲಿಸಿ. ಬ್ಯಾಟ್ ಮಣಿಕಟ್ಟಿನಿಂದ ಆರಾಮಾಗಿ ತೂಗಾಡಬೇಕು. ಚೆಂಡಿಲ್ಲದೆ ಸುಮ್ನೆ ಬೀಸಿ ನೋಡಿ, ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಆಮೇಲೆ ವೇಗ ಎಲ್ಲಿ ಬರುತ್ತಿದೆ ಎನ್ನುವುದು. ಹಿಂದಿನಿಂದಲೇ ಪೂರ್ತಿ ಜೋರಿನಲ್ಲಿ ಬೀಸಿ ಬಂದರೆ ಚೆಂಡಿನ ಹತ್ತಿರ ಬರುವಾಗ ಕೈ ಆಗಲೇ ನಿಧಾನವಾಗಿರುತ್ತದೆ. ಶುರುವಿನಲ್ಲಿ ಕೈ ಸಡಿಲವಾಗಿರಲಿ, ತಾಗುವ ಕ್ಷಣದಲ್ಲಿ ಮಣಿಕಟ್ಟು ಚಕ್ ಅಂತ ಹೊರಳಲಿ. ಒದ್ದೆ ಕೈ ಕೊಡವಿ ನೀರು ಸಿಡಿಸುತ್ತೇವಲ್ಲ, ಹಾಗೆ. ದೊಡ್ಡ ಬೀಸಿಗಿಂತ ಈ ಚಿಕ್ಕ ಕೊಡವುವಿಕೆಯೇ ಜಾಸ್ತಿ ತಿರುಗಿಸುತ್ತದೆ.

ಬ್ಯಾಟ್‌ನ ಯಾವ ಭಾಗ ತಾಗುತ್ತದೆ ಎನ್ನುವುದೂ ಮುಖ್ಯ. ಮಣಿಕಟ್ಟು ಹೊರಳುವಾಗ ಬ್ಯಾಟ್‌ನ ತುದಿಯ ಕಡೆ ಅತಿ ವೇಗವಾಗಿ ಚಲಿಸುತ್ತದೆ, ಹಿಡಿಯ ಹತ್ತಿರ ನಿಧಾನ. ಸ್ಪಿನ್ ಬೇಕಾದರೆ ತುದಿಯ ಕಡೆಯ ಅರ್ಧದಲ್ಲಿ ಮುಟ್ಟಿ. ಚೆಂಡನ್ನು ತೆಳುವಾಗಿ ಸವರಬೇಕು, ರಬ್ಬರ್ ಒಳಗಿನ ಮರದವರೆಗೂ ಚೆಂಡು ಅಮುಕಬಾರದು. ‘ಟೊಕ್’ ಎಂಬ ಮರದ ಸದ್ದು ಬಂದರೆ ಶಕ್ತಿಯೆಲ್ಲ ಚೆಂಡನ್ನು ಮುಂದೆ ತಳ್ಳಲು ಹೋಗಿದೆ. ತೆಳು ಸವರಿಕೆಗೆ ಸದ್ದು ಇರುವುದೇ ಕಡಿಮೆ. ಶುರುವಿನಲ್ಲಿ ಕೆಲವು ಸಲ ಬ್ಯಾಟ್ ಚೆಂಡಿಗೆ ತಾಗದೆ ಗಾಳಿಯಲ್ಲೇ ಹೋಗುತ್ತದೆ. ಹೆದರಬೇಡಿ, ಸರಿಯಾದ ದಾರಿಯಲ್ಲಿದ್ದೀರಿ ಎಂದರ್ಥ. ಪಂದ್ಯದಲ್ಲಿ ಮಾತ್ರ ಹಾಗಾದರೆ ಪಾಯಿಂಟ್ ಹೋಗುತ್ತದೆ.

ಇದನ್ನೆಲ್ಲ ಟೇಬಲ್ ಮುಂದೆಯೇ ಕಲಿಯಬೇಕೆಂದಿಲ್ಲ. ಖಾಲಿ ನೆಲದ ಮೇಲೆ ಬ್ಯಾಕ್‌ಸ್ಪಿನ್ ಸರ್ವ್ ಮಾಡಿ ಬಿಡಿ. ಚೆಂಡು ಮುಂದೆ ಹೋಗಿ, ನಿಂತು, ನಿಮ್ಮ ಕಡೆಗೇ ಉರುಳಿ ಬರಬೇಕು. ನೆಟ್ಟೂ ಇಲ್ಲ, ಅಂಚೂ ಇಲ್ಲ, ಹಾಗಾಗಿ ಗಮನವೆಲ್ಲ ಸವರುವುದರ ಮೇಲೇ ಇರುತ್ತದೆ. ನೆಲದ ಮೇಲೆ ವಾಪಸ್ ಬರುವಂತಾದ ಮೇಲೆ ಟೇಬಲ್‌ಗೆ ಬನ್ನಿ. 2008ರ ಬೀಜಿಂಗ್ ಒಲಿಂಪಿಕ್ಸ್ ಸಿಂಗಲ್ಸ್ ಚಿನ್ನ ಗೆದ್ದ ಚೀನಾದ ಮಾ ಲಿನ್ ಅವರ ಸರ್ವ್ ಆಚೆ ಬಿದ್ದು ನೆಟ್ ಕಡೆಗೇ ತಿರುಗಿ ಬರುವುದಕ್ಕೆ ಹೆಸರುವಾಸಿ. ಪಂದ್ಯದಲ್ಲಿ ಅಷ್ಟು ಬೇಕಾಗಿಲ್ಲ. ಆದರೆ ನಿಮ್ಮ ಸವರಿಕೆ ತೆಳುವಾಗಿದೆಯೇ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ವೇಗದ ಲಾಂಗ್ ಸರ್ವ್ ಹೊರಗೆ ಹೋಗುತ್ತದೆ, ಇಲ್ಲಾ ನೆಟ್‌ಗೆ ಬೀಳುತ್ತದೆ

ಇದು ಪೂರ್ತಿ ಮೊದಲ ಬೌನ್ಸ್‌ನ ಲೆಕ್ಕ. ಟೇಬಲ್‌ನ ಉದ್ದ 2.74 ಮೀಟರ್. ನಿಮ್ಮ ಅಂಚಿನಿಂದ 20 ಸೆಂ.ಮೀ. ಒಳಗೆ ಬೌನ್ಸ್ ಬಿದ್ದರೆ ಚೆಂಡಿಗೆ ಏರಿ ಇಳಿಯಲು ಎರಡೂವರೆ ಮೀಟರ್ ಜಾಗ ಸಿಗುತ್ತದೆ. 70 ಸೆಂ.ಮೀ. ಒಳಗೆ ಬಿದ್ದರೆ ಎರಡು ಮೀಟರ್ ಮಾತ್ರ. ಅದೇ ವೇಗಕ್ಕೆ ಅರ್ಧ ಮೀಟರ್ ಕಡಿಮೆಯಾದರೆ ಹೊರಗೆ ಹೋಗದೆ ಇನ್ನೇನು? ಅಂಚಿನಿಂದ ಒಂದು ಗೇಣಿನೊಳಗೆ ಕಾಗದ ಇಟ್ಟು ಅದರ ಮೇಲೇ ಬೀಳಿಸಿ. ಚೆಂಡನ್ನು ತಗ್ಗಿನಲ್ಲಿ ಮುಟ್ಟಿ, ಹಿಂದಿನಿಂದ ಸ್ವಲ್ಪ ಮೇಲ್ಮುಖವಾಗಿ ಸವರಿ ಟಾಪ್‌ಸ್ಪಿನ್ (ಮುಂದಕ್ಕೆ ತಿರುಗುವ ಸ್ಪಿನ್) ಸೇರಿಸಿದರೆ ಆಚೆ ಬೇಗ ಇಳಿಯುತ್ತದೆ.

ನೆಟ್‌ಗೆ ಬೀಳುತ್ತಿದ್ದರೆ ಬ್ಯಾಟ್‌ನ ಮುಖ ತೀರಾ ಕೆಳಕ್ಕೆ ಮುಚ್ಚಿದೆ, ಒಂದು ಚೂರು ತೆರೆಯಿರಿ. ಸೈಡ್‌ಸ್ಪಿನ್ (ಪಕ್ಕಕ್ಕೆ ತಿರುಗುವ ಸ್ಪಿನ್) ಸೇರಿ ಪಕ್ಕಕ್ಕೆ ಓಡುತ್ತಿದ್ದರೆ ಸ್ಪಿನ್ ಕಡಿಮೆ ಮಾಡಬೇಡಿ, ಗುರಿಯನ್ನು ಬದಲಿಸಿ. ಬಲಗೈ ಆಟಗಾರರ ಪೆಂಡುಲಮ್ ಸರ್ವ್ ಸರ್ವ್ ಮಾಡುವವರ ಬಲಕ್ಕೆ ಬಾಗುತ್ತದೆ, ಅದಕ್ಕೆ ತಕ್ಕಂತೆ ಎಡಕ್ಕೆ ಗುರಿ ಇಟ್ಟರೆ ಆಯಿತು.

ಅಂಪೈರ್ ಕೈ ಎತ್ತುತ್ತಿದ್ದಾರೆ

ಇಲ್ಲಿ ವಾದಕ್ಕೆ ಜಾಗವಿಲ್ಲ, ಒಂದೊಂದಾಗಿ ನೋಡಿಕೊಳ್ಳಿ. ಚೆಂಡು ಬಿಚ್ಚಿದ ಅಂಗೈ ಮೇಲೆ ಅಲುಗಾಡದೆ ಇರಬೇಕು. ಅಂಗೈ ಬಿಟ್ಟ ಮೇಲೆ ಕನಿಷ್ಠ 16 ಸೆಂ.ಮೀ. ಹೆಚ್ಚುಕಡಿಮೆ ನೇರವಾಗಿ ಏರಬೇಕು, ಅಂದರೆ ನೆಟ್‌ನ ಎತ್ತರಕ್ಕಿಂತ ಒಂದು ಚೂರು ಜಾಸ್ತಿ. ಇಳಿಯುವಾಗಲೇ ಹೊಡೆಯಬೇಕು. ಶುರುವಿನಿಂದ ಹೊಡೆಯುವವರೆಗೂ ಚೆಂಡು ಟೇಬಲ್ ಮಟ್ಟಕ್ಕಿಂತ ಮೇಲೆ, ಅಂಚಿನ ಗೆರೆಯ ಹಿಂದೆ ಇರಬೇಕು, ಎದುರಾಳಿಗೆ ಕಾಣುತ್ತಿರಬೇಕು. 

ಹೆಚ್ಚು ಜನ ಸಿಕ್ಕಿಬೀಳುವುದು ಕೊನೆಯದರಲ್ಲಿ. ಚೆಂಡು ಎಸೆದ ಕೈ ಹಾಗೇ ಮುಂದೆ ನಿಂತುಬಿಡುತ್ತದೆ. ಎಸೆದ ತಕ್ಷಣ ಆ ಕೈಯನ್ನು ಪಕ್ಕಕ್ಕೆ ಎಳೆದುಕೊಳ್ಳಿ. ಮೈ ತಿರುಗಲೂ ಅದು ಸಹಾಯ ಮಾಡುತ್ತದೆ. ಫೋನನ್ನು ಎದುರಾಳಿಯ ಜಾಗದಲ್ಲಿಟ್ಟು ಚಿತ್ರೀಕರಿಸಿದರೆ ಚೆಂಡು ಮರೆಯಾಗುತ್ತಿದೆಯೇ ಎಂದು ತಿಳಿಯುತ್ತದೆ. ಅನುಮಾನ ಬಂದಾಗ ಅಂಪೈರ್ ಪಂದ್ಯದಲ್ಲಿ ಒಂದು ಸಲ ಎಚ್ಚರಿಸಿ ಲೆಟ್ (ಪಾಯಿಂಟ್ ಲೆಕ್ಕಕ್ಕಿಲ್ಲದೆ ಮತ್ತೆ ಸರ್ವ್) ಕೊಡಬಹುದು. ಆಮೇಲೆ ಅನುಮಾನ ಬಂದರೂ ಪಾಯಿಂಟ್ ಎದುರಾಳಿಗೆ. ಸ್ಪಷ್ಟವಾಗಿ ನಿಯಮ ಮುರಿದಿದ್ದರೆ ಎಚ್ಚರಿಕೆಯೂ ಇಲ್ಲ.

ಸರ್ವ್ ಚೆನ್ನಾಗಿದೆ, ಆದರೂ ಎದುರಾಳಿಗೆ ಎಲ್ಲ ಗೊತ್ತಾಗುತ್ತಿದೆ

ಹಾಗಾದರೆ ನೀವು ಮೊದಲೇ ಹೇಳಿಬಿಡುತ್ತಿದ್ದೀರಿ. ಲಾಂಗ್ ಸರ್ವ್‌ಗೆ ಟಾಸ್ ಎತ್ತರ, ಶಾರ್ಟ್‌ಗೆ ತಗ್ಗು. ಬ್ಯಾಕ್‌ಸ್ಪಿನ್‌ಗೆ ಒಂದು ನಿಲುವು, ಸೈಡ್‌ಸ್ಪಿನ್‌ಗೆ ಇನ್ನೊಂದು. ಎರಡು ಬೇರೆ ಸರ್ವ್‌ಗಳ ವಿಡಿಯೋ ಪಕ್ಕಪಕ್ಕ ಇಟ್ಟು, ಬ್ಯಾಟ್ ತಾಗುವ ಮುಂಚಿನ ಭಾಗ ಮಾತ್ರ ನೋಡಿ. ಯಾವುದು ಯಾವುದೆಂದು ನಿಮಗೇ ಹೇಳಲು ಬಂದರೆ ಎದುರಾಳಿಗೂ ಬರುತ್ತದೆ.

ಇದಕ್ಕೆ ಹೊಸ ಹೊಸ ಸರ್ವ್ ಕಲಿಯುವುದು ಪರಿಹಾರ ಅಲ್ಲ. ಒಂದೇ ಚಲನೆಯಿಂದ ಎರಡು ಸರ್ವ್ ತೆಗೆಯುವುದು ಪರಿಹಾರ. ಗಟ್ಟಿ ಬ್ಯಾಕ್‌ಸ್ಪಿನ್ ಒಂದು, ಸ್ಪಿನ್ ಇಲ್ಲದ್ದು ಇನ್ನೊಂದು. ಬೀಸು ಅದೇ, ವೇಗ ಅದೇ. ಎರಡನೆಯದರಲ್ಲಿ ಮಾತ್ರ ಚೆಂಡನ್ನು ಹಿಡಿಯ ಹತ್ತಿರದ ನಿಧಾನ ಭಾಗದಲ್ಲಿ ಮುಟ್ಟಿ. ಬ್ಯಾಕ್‌ಸ್ಪಿನ್ ಎಂದುಕೊಂಡು ಎತ್ತಿ ಪುಶ್ ಮಾಡಿದ (ಮೆಲ್ಲಗೆ ತಳ್ಳಿ ವಾಪಸ್ ಕಳಿಸಿದ) ಎದುರಾಳಿಯ ಚೆಂಡು ಮೇಲೆ ತೇಲಿ ಬರುತ್ತದೆ. 1992ರ ಬಾರ್ಸಿಲೋನಾ ಒಲಿಂಪಿಕ್ಸ್ ಚಿನ್ನ ಗೆದ್ದ ಸ್ವೀಡನ್‌ನ ವಾಲ್ಡ್ನರ್ ಅವರ ಸರ್ವ್‌ಗೆ ಜಗತ್ತು ತಲೆದೂಗಿದ್ದು ಇಂಥ ಮರೆಮಾಚುವಿಕೆಗೆ. ಅಭ್ಯಾಸದ ಜೊತೆಗಾರರಿಗೆ ಬ್ಯಾಟ್ ತಾಗಿದ ಕೂಡಲೇ ‘ಇದೆ’ ಅಥವಾ ‘ಇಲ್ಲ’ ಎಂದು ಕೂಗಲು ಹೇಳಿ. ಅವರು ತಪ್ಪಲು ಶುರುವಾದರೆ ಸರ್ವ್ ಪಂದ್ಯಕ್ಕೆ ಸಿದ್ಧ.

ಅಭ್ಯಾಸದಲ್ಲಿ ಬರುತ್ತದೆ, ಪಂದ್ಯದಲ್ಲಿ ಬರುವುದಿಲ್ಲ

ಅಭ್ಯಾಸ ಹೇಗೆ ಮಾಡುತ್ತೀರಿ ಎಂದು ಕೇಳಿದರೆ ಕಾರಣ ಸಾಮಾನ್ಯವಾಗಿ ಹೊರಬರುತ್ತದೆ. ಬುಟ್ಟಿ ತುಂಬ ಚೆಂಡು ಇಟ್ಟುಕೊಂಡು ಒಂದರ ಹಿಂದೆ ಒಂದು ಸರ್ವ್ ಮಾಡುತ್ತಾರೆ. ಐದಾರು ಕೆಟ್ಟ ಮೇಲೆ ಕೈ ದಾರಿಗೆ ಬರುತ್ತದೆ, ಆಮೇಲೆ ಎಲ್ಲ ಸರಿ. ಆದರೆ 2001ರಿಂದ ಗೇಮ್ 11 ಪಾಯಿಂಟ್‌ಗೆ ಇಳಿದು, ಐದೈದು ಸರ್ವ್ ಹೋಗಿ ಒಬ್ಬರಿಗೆ ಎರಡೆರಡೇ ಸಿಗುತ್ತವೆ. 10-10 ಆದ ಮೇಲೆ ಒಂದೊಂದೇ. ಕೈ ದಾರಿಗೆ ಬರುವಷ್ಟರಲ್ಲಿ ಸರದಿ ಮುಗಿದಿರುತ್ತದೆ. ಹಾಗಾಗಿ ತಂತ್ರ ಕೂತ ಮೇಲೆ ಎರಡೆರಡೇ ಸರ್ವ್ ಮಾಡಿ. ಎರಡು ಮಾಡಿ, ಬ್ಯಾಟ್ ಹಿಡಿತ ಬಿಟ್ಟು, ನಾಲ್ಕು ಹೆಜ್ಜೆ ನಡೆದು, ಮತ್ತೆ ಬಂದು ಎರಡು. ಮೊದಲನೆಯದೇ ಸರಿ ಬೀಳುತ್ತದಾ ಎಂದು ನೋಡಿ.

ಪಂದ್ಯದಲ್ಲಿ ಹಿಡಿತ ಬಿಗಿಯಾಗಿಯೇ ಉಳಿಯುವುದು ಇನ್ನೊಂದು ಕಾರಣ. ಹಿಂದಿನ ರ‍್ಯಾಲಿಯ ಬಿಗಿತ ಬೆರಳಲ್ಲಿ ಹಾಗೇ ಇರುತ್ತದೆ. ಟಾಸ್‌ಗೆ ಮೊದಲು ಮೂರು ಬೆರಳು ಸಡಿಲ ಮಾಡಿ, ಒಮ್ಮೆ ಉಸಿರು ಬಿಟ್ಟು, ಮೊದಲ ಬೌನ್ಸ್ ಬೀಳಬೇಕಾದ ಜಾಗವನ್ನು ಕಣ್ಣಲ್ಲಿ ಹಿಡಿದುಕೊಳ್ಳಿ.

ಸರ್ವ್ ಸರಿಯಾಗಿ ಬಿದ್ದು, ಪಾಯಿಂಟ್ ಮಾತ್ರ ಕೈತಪ್ಪುತ್ತಿದೆಯಾ? ಸರ್ವ್ ಆದ ಮೇಲಿನ ವಿಡಿಯೋ ನೋಡಿ. ಮೂರು ಬೆರಳು ಇನ್ನೂ ಸಡಿಲವಾಗಿಯೇ ಇರುತ್ತವೆ, ಕಾಲು ಟೇಬಲ್‌ಗೆ ಅಂಟಿರುತ್ತವೆ, ಕಣ್ಣು ತಮ್ಮ ಸರ್ವ್ ಹೋಗುವುದನ್ನು ನೋಡುತ್ತಿರುತ್ತದೆ. ರಿಟರ್ನ್ ಉದ್ದವಾಗಿ ಬಂದರೆ ಮೈಗೆ ಬಡಿಯುತ್ತದೆ. ಬೀಸನ್ನು ಚಿಕ್ಕದಾಗಿ ಮುಗಿಸಿ, ಒಂದು ಹೆಜ್ಜೆ ಹಿಂದೆ ಸರಿದು, ಹಿಡಿತವನ್ನು ಮಾಮೂಲಿಗೆ ತರುವುದನ್ನೂ ಸರ್ವ್‌ನ ಭಾಗವಾಗಿಯೇ ಅಭ್ಯಾಸ ಮಾಡಿ. ಎದುರಿಗೆ ಯಾರೂ ಇಲ್ಲದೆ ಒಬ್ಬರೇ ಸರ್ವ್ ಮಾಡುತ್ತಿರುವಾಗಲೂ ಪ್ರತಿ ಸಲ ಹಿಂದೆ ಸರಿಯಿರಿ.